ಪಕ್ಷ ಮಧ್ಯಕ್ಕೆ ಬಂದರೆ ಗೆಲ್ಲುತ್ತಾ?

"ಗೆಲ್ಲಬೇಕಾದರೆ ಪಕ್ಷ ಎಡ-ಬಲ ಬಿಟ್ಟು ಮಧ್ಯಕ್ಕೆ ಬರಲೇಬೇಕು, ಅಲ್ವಾ ಸಾರ್?"

ನಾನು ಚುನಾವಣೆಗಳ ಬಗ್ಗೆ ಓದುತ್ತೇನೆಂದು ಗೊತ್ತಾದವರೆಲ್ಲ ಇದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರಲೇಬೇಕೆಂದಿಲ್ಲ. ಬಂದವರೆಲ್ಲ ಗೆದ್ದಿಲ್ಲ, ಗೆದ್ದವರೂ ಅದೊಂದರಿಂದಲೇ ಗೆದ್ದಿಲ್ಲ.

ಆ 'ಅಲ್ವಾ' ಕೇಳಿದರೇ ನನಗೆ ಸಿಟ್ಟು. ಉತ್ತರ ಮೊದಲೇ ತೀರ್ಮಾನಿಸಿ, ನನ್ನಿಂದ ಹೂಂ ಅನ್ನಿಸಿಕೊಳ್ಳಲು ನಿಂತಿರುತ್ತಾರೆ. ಒಮ್ಮೆ ಒಬ್ಬರು ಆಮಂತ್ರಣ ಪತ್ರಿಕೆಯ ಹಿಂದೆ ಗೆರೆ ಎಳೆದು, ಒಂದು ತುದಿಗೆ 'ಎಡ', ಇನ್ನೊಂದಕ್ಕೆ 'ಬಲ' ಎಂದು ಬರೆದು, ನಡುವೆ ದಪ್ಪ ಚುಕ್ಕೆ ಇಟ್ಟರು. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1957ರಲ್ಲೇ ಇದನ್ನು ವಿವರಿಸಿದ್ದರು: ಎರಡೇ ಪಕ್ಷಗಳಿದ್ದು, ಹೆಚ್ಚಿನ ಮತದಾರರು ನಡುವೆ ಇದ್ದರೆ, ಎರಡೂ ಅಲ್ಲಿಗೇ ಸರಿಯುತ್ತವೆ. ಆ 'ಇದ್ದರೆ'ಯನ್ನು ಎಲ್ಲರೂ ನುಂಗಿಬಿಡುತ್ತಾರೆ. ಗೆರೆ ಎಳೆದವರು ಕೊಟ್ಟ ಸಾಕ್ಷಿ ಬ್ರಿಟನ್ನಿನ ಲೇಬರ್ ಪಕ್ಷ: 1983ರಲ್ಲಿ ಎಡಕ್ಕೆ ವಾಲಿ 209 ಸೀಟು, 1997ರಲ್ಲಿ ಟೋನಿ ಬ್ಲೇರ್ ನಡುವಿಗೆ ತಂದು 418.

ಅವರ ಪೆನ್ನು ಇಸ್ಕೊಂಡು ಅದೇ ಗೆರೆಯ ಕೆಳಗೆ ಅದೇ ಪಕ್ಷದ ಇನ್ನೆರಡು ಲೆಕ್ಕ ಬರೆದೆ. 2017, ಎಡಪಂಥದ ಜೆರೆಮಿ ಕಾರ್ಬಿನ್: ಶೇ 40 ಮತ, 262 ಸೀಟು. 2024, ನಡುವಿಗೆ ಮರಳಿದ ಕೀರ್ ಸ್ಟಾರ್ಮರ್: ಶೇ 33.7 ಮತ, 411 ಸೀಟು. ಮತ ಇಳಿದರೂ ಸೀಟು ಏರಿತು! ಎದುರಿನ ಬಲಪಂಥದ ಮತ ಕನ್ಸರ್ವೇಟಿವ್ ಮತ್ತು ರಿಫಾರ್ಮ್ ಪಕ್ಷಗಳಿಗೆ ಹಂಚಿಹೋಗಿತ್ತು. ಕ್ಷೇತ್ರದಲ್ಲಿ ಒಂದು ಮತ ಹೆಚ್ಚು ಬಂದರೂ ಗೆಲುವೇ ಎನ್ನುವ ಪದ್ಧತಿಯಲ್ಲಿ ಅದು ಸಾಕು. 1983ರಲ್ಲೂ ಲೇಬರ್‌ನಿಂದ ಸಿಡಿದು ಹೋದವರು ಲಿಬರಲ್ ಪಕ್ಷದ ಜೊತೆ ಕಟ್ಟಿದ ಮೈತ್ರಿಕೂಟ ಶೇ 25ರಷ್ಟು ಮತ ಎಳೆದುಕೊಂಡಿತ್ತು. ಇದೆಲ್ಲ ಆ ಗೆರೆಯಲ್ಲಿ ಎಲ್ಲಿದೆ?

ಹಾಗಂತ ಎಡಕ್ಕೆ ಹೋದರೆ ಗೆಲುವು ಎಂದು ನಾನು ಹೇಳುತ್ತಿಲ್ಲ. ಅದೇ ಕಾರ್ಬಿನ್ 2019ರಲ್ಲಿ 202ಕ್ಕೆ ಕುಸಿದರು.

ನನ್ನನ್ನು ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಜಾಗ ಬದಲಿಸುವಾಗ ಪಕ್ಷ ಯಾರ ಕೈ ಬಿಟ್ಟಿತು? ಗ್ರೀಸಿನ ಸಮಾಜವಾದಿ ಪಕ್ಷ ಪಾಸೊಕ್ 2009ರಲ್ಲಿ ಶೇ 43.9 ಮತ ಪಡೆದು ಅಧಿಕಾರಕ್ಕೆ ಬಂತು. ಸಾಲದ ಬಿಕ್ಕಟ್ಟು ಎದುರಾದಾಗ, ತನಗೇ ಮತ ಹಾಕಿದ್ದ ನೌಕರರ ಸಂಬಳಕ್ಕೆ, ನಿವೃತ್ತರ ಪಿಂಚಣಿಗೆ ಕತ್ತರಿ ಹಾಕಿತು. 2015ರ ಜನವರಿಯಲ್ಲಿ ಅದಕ್ಕೆ ಸಿಕ್ಕಿದ್ದು ಶೇ 4.7. ಅದಕ್ಕಿಂತ ಎಡಕ್ಕಿದ್ದ ಸಿರಿಜಾ ಪಕ್ಷ ಶೇ 36 ದಾಟಿ ಸರ್ಕಾರ ರಚಿಸಿತು. ಪಿಂಚಣಿ ಕಡಿತಗೊಂಡ ಆ ಮುದುಕರು ಗೆರೆಯ ಮೇಲೆ ಅತ್ತಿತ್ತ ಸರಿದರೇ, ಅಥವಾ ಇದ್ದಲ್ಲೇ ಇದ್ದರೇ?

ಇದನ್ನು ಕೇಳಿ. ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡುತ್ತೇನೆ.