‘ಲಕ್ವಾ’ ಎಂದು ಹುಡುಕಿದರೆ

ನನ್ನ ಕೈಚೀಲದಲ್ಲಿ ಸದಾ ಒಂದು ನೋಟ್‌ಬುಕ್ ಇರುತ್ತದೆ. ಅದರ ಎಡಪುಟದಲ್ಲಿ ಜನರು ತಮ್ಮ ಕಾಯಿಲೆಯನ್ನು ಹೇಳಿಕೊಂಡ ಮಾತನ್ನು ಅವರು ಆಡಿದ ಹಾಗೆಯೇ ಬರೆದುಕೊಳ್ಳುತ್ತೇನೆ. ಬಲಪುಟದಲ್ಲಿ ಅದೇ ಕಾಯಿಲೆಗೆ ವೈದ್ಯಕೀಯ ಪುಸ್ತಕಗಳು, ಸರ್ಕಾರಿ ಕರಪತ್ರಗಳು ಮತ್ತು ಗ್ರಂಥಾಲಯದ ಸೂಚಿಗಳು ಇಟ್ಟಿರುವ ಹೆಸರನ್ನು ಬರೆಯುತ್ತೇನೆ. ಕಲಬುರಗಿಯಲ್ಲಿದ್ದುಕೊಂಡು ಆರೋಗ್ಯ ಮಾಹಿತಿ, ಗ್ರಂಥಾಲಯ, ಆನ್‌ಲೈನ್ ಕಲಿಕೆ ಇವುಗಳ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದಾಗ ‘ಅಂದ್ರ ನಿಮ್ಮ ಕೆಲಸ ಏನ್ರಿ?’ ಎಂದು ಕೇಳುವವರಿಗೆ ಈಚೆಗೆ ನಾನು ವಿವರಣೆ ಕೊಡುವುದನ್ನು ಬಿಟ್ಟು ಈ ನೋಟ್‌ಬುಕ್ಕನ್ನೇ ತೆರೆದು ತೋರಿಸುತ್ತೇನೆ.

ಮೊದಲ ಎಡಪುಟದ ಮೊದಲ ಪದ ‘ಲಕ್ವಾ’. ನಮ್ಮ ಭಾಗದಲ್ಲಿ ಯಾರಿಗಾದರೂ ಒಂದು ಕಡೆಯ ಕೈಕಾಲು ಬಿದ್ದರೆ ‘ಲಕ್ವಾ ಹೊಡದದ’ ಎನ್ನುತ್ತಾರೆ. ಶಿಷ್ಟ ಕನ್ನಡದ ಪುಸ್ತಕಗಳಲ್ಲಿ ಅದು ಪಾರ್ಶ್ವವಾಯು, ಡಾಕ್ಟರರ ಬಾಯಲ್ಲಿ ಸ್ಟ್ರೋಕ್. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುತ್ತದೆ, ಅದಕ್ಕೂ ಮುಂಚೆ ಸ್ಕ್ಯಾನ್ ಮಾಡಿ ಒಳಗೆ ರಕ್ತಸ್ರಾವ ಆಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಾಗುತ್ತದೆ. ಬಾಯಿ ಸೊಟ್ಟಗಾಗುವುದು, ಎತ್ತಿದ ಒಂದು ಕೈ ತಾನಾಗಿ ಕೆಳಗಿಳಿಯುವುದು, ಮಾತು ತೊದಲುವುದು, ಈ ಮೂರನ್ನು ಗುರುತಿಸಬಲ್ಲವರು ಮನೆಯಲ್ಲಿ ಒಬ್ಬರಿದ್ದರೂ ಆ ನಾಲ್ಕೂವರೆ ತಾಸು ಉಳಿಯುತ್ತದೆ. ಆದರೆ ಚಿಂಚೋಳಿಯ ಕಡೆಯ ಹಳ್ಳಿಯೊಂದರಿಂದ ನಗರದ ಆಸ್ಪತ್ರೆಗೆ ಬರುವ ದಾರಿಯೇ ಎರಡು ತಾಸು ನುಂಗುತ್ತದೆ. ಅದರ ಮೇಲೆ ‘ಲಕ್ವಾಕ್ಕ ಔಷಧ ಕೊಡೋರು’ ಇಂಥ ಊರಲ್ಲಿದ್ದಾರೆಂದು ಮೊದಲು ಅಲ್ಲಿಗೆ ಕರೆದೊಯ್ಯುವವರೇ ಹೆಚ್ಚು. ಮನೆಯ ಹುಡುಗ ಮೊಬೈಲಿನಲ್ಲಿ ‘ಲಕ್ವಾ’ ಎಂದು ಹುಡುಕಿದಾಗ ಮೊದಲು ಸಿಗುವುದು ಎಣ್ಣೆ, ಮಂತ್ರ, ಖಾತ್ರಿ ಗುಣ ಎನ್ನುವ ವಿಡಿಯೊಗಳು. ನಾಲ್ಕೂವರೆ ತಾಸಿನ ವಿಚಾರ ‘ಪಾರ್ಶ್ವವಾಯು’ ಎಂಬ ಹೆಸರಿನಡಿ ಬೇರೆಲ್ಲೋ ಭದ್ರವಾಗಿ ಕುಳಿತಿರುತ್ತದೆ.

ಗ್ರಂಥಾಲಯ ವಿಜ್ಞಾನಕ್ಕೆ ಇದು ಹಳೆಯ ಸಮಸ್ಯೆ, ಇದಕ್ಕೆ ಹಳೆಯ ಪರಿಹಾರವೂ ಇದೆ. ಜಗತ್ತಿನ ವೈದ್ಯಕೀಯ ಲೇಖನಗಳಿಗೆ ಸೂಚಿ ಮಾಡುವ ಕೆಲಸ ಅಮೆರಿಕದಲ್ಲಿ 1879ರಷ್ಟು ಹಿಂದೆಯೇ ಇಂಡೆಕ್ಸ್ ಮೆಡಿಕಸ್ ಎಂಬ ಹೆಸರಿನಲ್ಲಿ ಶುರುವಾಯಿತು. ಅಲ್ಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಲ್ಲಿ ಮೆಶ್ ಎಂಬ ವಿಷಯಶೀರ್ಷಿಕೆಗಳ ಪಟ್ಟಿಯನ್ನು ಹೊರತಂದಿತು. ಇಂದು ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಲ್ಲಿರುವ ಮೂರೂವರೆ ಕೋಟಿಗೂ ಹೆಚ್ಚು ದಾಖಲೆಗಳ ಬೆನ್ನೆಲುಬಾಗಿ ನಿಂತಿರುವುದು ಆ ಪಟ್ಟಿಯ ಸುಮಾರು 30,000 ಶೀರ್ಷಿಕೆಗಳು. ಅದರ ಜಾಣತನ ಇರುವುದು ಶೀರ್ಷಿಕೆಗಳಲ್ಲಲ್ಲ, ಅವುಗಳ ಕೆಳಗೆ ಜೋಡಿಸಿಟ್ಟಿರುವ ಪರ್ಯಾಯ ಪದಗಳಲ್ಲಿ. ‘ಅಪೊಪ್ಲೆಕ್ಸಿ’ ಎಂಬ ಅಜ್ಜನ ಕಾಲದ ಪದ ಹಾಕಿ ಹುಡುಕಿದರೂ ಅದು ನಿಮ್ಮನ್ನು ‘ಸ್ಟ್ರೋಕ್’ ಎಂಬ ಮನೆಯ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಹಳೆಯ ಕಾರ್ಡ್ ಸೂಚಿಯಲ್ಲಿ ‘ನೋಡಿ’ ಎಂದು ಬರೆದ ಕಾರ್ಡು ಮಾಡುತ್ತಿದ್ದುದೂ ಇದನ್ನೇ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಈ ಪಟ್ಟಿಯನ್ನು ಬೆಳೆಸಿಕೊಂಡಿದ್ದಾರೆ. ‘ಲಕ್ವಾ: ಪಾರ್ಶ್ವವಾಯು ನೋಡಿ’ ಎಂದು ಹೇಳುವ ಕನ್ನಡದ ಪಟ್ಟಿಯೊಂದು ನನ್ನ ಕೈಗೆ ಸಿಗಲಿಲ್ಲ, ಆದ್ದರಿಂದ ನೋಟ್‌ಬುಕ್ ತೆರೆದೆ.

ಆರಂಭದಲ್ಲಿ ಇದು ನಿಘಂಟು ಮಾಡುವಷ್ಟೇ ಸರಳವಾದ ಕೆಲಸವೆಂದು ತಿಳಿದಿದ್ದೆ. ಎಡಪುಟದ ಒಂದು ಪದಕ್ಕೆ ಬಲಪುಟದಲ್ಲಿ ಒಂದು ಪದ. ಆ ಭ್ರಮೆ ಹರಿದದ್ದು ‘ದಮ್ಮು’ ಎಂಬ ಪದದಿಂದ. ದಮ್ಮು ಎಂದರೆ ಅಸ್ತಮಾ ಎಂದು ಬಲಪುಟದಲ್ಲಿ ಬರೆದು ಮುಂದೆ ಹೋಗಿದ್ದೆ. ಆದರೆ ಮೂವತ್ತು ವರ್ಷ ಶಹಾಬಾದ ಕಲ್ಲು ಸೀಳಿದವನ ದಮ್ಮು, ಒಲೆಯ ಹೊಗೆಯಲ್ಲಿ ಆಯುಷ್ಯ ಕಳೆದ ಅಜ್ಜಿಯ ದಮ್ಮು, ಹೃದಯ ಸೋತು ರಾತ್ರಿ ಅಂಗಾತ ಮಲಗಲಾರದವರ ದಮ್ಮು ಇವೆಲ್ಲ ಬೇರೆ ಬೇರೆ. ‘ಉಷ್ಣ’ ಇನ್ನೂ ಕಷ್ಟದ್ದು. ಉರಿಮೂತ್ರ, ಬಾಯಿಹುಣ್ಣು, ಬಿಳಿಸೆರಗು, ಕಣ್ಣುರಿ, ಮಕ್ಕಳ ಭೇದಿ ಎಲ್ಲವೂ ಉಷ್ಣದ ಖಾತೆಗೇ ಜಮಾ ಆಗುತ್ತವೆ. ಇಂಥ ಪದಗಳ ಎದುರು ‘ನೋಡಿ’ ಎಂಬ ಕಾರ್ಡು ಸೋಲುತ್ತದೆ. ಅಲ್ಲಿ ಬೇಕಾಗುವುದು ಮರುಪ್ರಶ್ನೆ. ಹೀಗಾಗಿ ಕೆಲವು ಪದಗಳ ಎದುರಿಗೆ ಈಗ ನಾನು ಕಾಯಿಲೆಯ ಹೆಸರನ್ನು ಬರೆಯುವುದಿಲ್ಲ, ‘ಯಾವಾಗಿನಿಂದ? ಏನು ಕೆಲಸ ಮಾಡಿದವರು? ಮಲಗಿದಾಗ ಹೆಚ್ಚೋ, ನಡೆದಾಗ ಹೆಚ್ಚೋ?’ ಎಂಬ ಪ್ರಶ್ನೆಗಳನ್ನು ಬರೆಯುತ್ತೇನೆ.

ಇದಕ್ಕೆ ವಿರುದ್ಧವಾದ ಪಾಠವೂ ಒಂದಿದೆ, ಅದನ್ನು ಹೇಳಿದರೆ ಕನ್ನಡದ ಗೆಳೆಯರು ಕೆಲವರು ಸಿಟ್ಟಾಗುತ್ತಾರೆ. ಶುಗರ್, ಬಿ.ಪಿ., ಟಿ.ಬಿ. ಇವು ಅಕ್ಷರ ಬಾರದವರ ಬಾಯಲ್ಲೂ ಸಲೀಸಾಗಿ ಓಡಾಡುವ ಪದಗಳು. ‘ಅಧಿಕ ರಕ್ತದೊತ್ತಡದ ನಿರ್ವಹಣೆ’ ಎಂಬ ತಲೆಬರಹದ ಕರಪತ್ರವನ್ನು ಹೊಲದಿಂದ ಬಂದವರೊಬ್ಬರು ಎರಡು ಸಲ ಓದಿ, ‘ಇದು ನಂದಲ್ರಿ, ನನಗ ಬಿ.ಪಿ. ಅದ’ ಎಂದು ಮರಳಿ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಆರೋಗ್ಯ ಮಾಹಿತಿಯಲ್ಲಿ ಶುದ್ಧ ಕನ್ನಡದ ಹಟ ಕೆಲವೊಮ್ಮೆ ಇಂಗ್ಲಿಷಿನಷ್ಟೇ ದೊಡ್ಡ ಗೋಡೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಾಹಿತಿಯ ಕೊರತೆಯೇ ನಮ್ಮ ಮುಖ್ಯ ಸಮಸ್ಯೆ ಎಂಬ ನಂಬಿಕೆಯನ್ನು ನಾನು ಬಿಟ್ಟದ್ದು 2020ರ ಮಾರ್ಚ್‌ನಲ್ಲಿ. ಭಾರತದಲ್ಲಿ ಕೋವಿಡ್‌ಗೆ ಬಲಿಯಾದ ಮೊದಲಿಗರು ನಮ್ಮ ಕಲಬುರಗಿಯ 76 ವರ್ಷದ ಹಿರಿಯರು. ಅವರು ತೀರಿಕೊಂಡದ್ದು ಮಾರ್ಚ್ 10ರಂದು, ಸೋಂಕು ದೃಢಪಟ್ಟದ್ದು ಮಾರ್ಚ್ 12ರಂದು. ಮಾಹಿತಿಯ ಮಹಾಪೂರವೂ ಒಂದು ಪಿಡುಗಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು, ಆ ಮಾತಿನ ಅರ್ಥ ನಮಗೆ ಆ ವಾರ ಮನೆಯಲ್ಲಿ ಕುಳಿತೇ ಆಯಿತು. ಬೆಳ್ಳುಳ್ಳಿ, ಬಿಸಿನೀರು, ಅರಿಷಿಣ, ಬಿಸಿಲು ಒಂದಾದ ಮೇಲೊಂದರಂತೆ ವಾಟ್ಸ್ಆ್ಯಪ್‌ನಲ್ಲಿ ಬಂದವು. ಬೆಳ್ಳುಳ್ಳಿ ತಿಂದರೆ ಕೊರೊನಾ ತಡೆಯಬಹುದೆಂಬುದಕ್ಕೆ ಪುರಾವೆಯಿಲ್ಲವೆಂದು ಅದೇ ಸಂಸ್ಥೆ ಸ್ಪಷ್ಟವಾಗಿ ಹೇಳಿತ್ತಾದರೂ ಆ ಸಂದೇಶ ನಮ್ಮ ಓಣಿಗೆ ಬರಲಿಲ್ಲ. ಬೆಳ್ಳುಳ್ಳಿಯ ಸಂದೇಶ ಬಂದದ್ದು ಸೋದರಮಾವನ ದನಿಯಲ್ಲಿ, ಕಲಬುರಗಿ ಕನ್ನಡದಲ್ಲಿ, ಅರ್ಧ ನಿಮಿಷದಲ್ಲಿ. ಸರಿಯಾದ ಮಾಹಿತಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಕಡೆಗೆ ನಾನು ತಿರುಗಿದ್ದು ಅಲ್ಲಿಂದ. 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು, ಈಗ ಅವುಗಳ ಹೆಸರು ಅರಿವು ಕೇಂದ್ರ. ಒಂದು ಕೋಣೆ, ಒಂದು ಮೇಜು, ದಿನಪತ್ರಿಕೆಗಳು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಕೆಲವೆಡೆ ಕಂಪ್ಯೂಟರು. ಇವುಗಳ ಜೊತೆಗೆ ಊರಿನವರೆಲ್ಲರ ಪರಿಚಯವಿರುವ ಒಬ್ಬ ಮೇಲ್ವಿಚಾರಕರು. ಆ ಕೊನೆಯದೇ ನನಗೆ ದೊಡ್ಡ ಆಸ್ತಿಯಾಗಿ ಕಂಡಿತು.

ಆಳಂದ ತಾಲೂಕಿನ ಅಂಥದೊಂದು ಕೇಂದ್ರದಲ್ಲಿ ನಾನು ಕುಳಿತಿದ್ದಾಗ ಹಿರಿಯರೊಬ್ಬರು ಬಂದು ‘ಆಯುರ್ವೇದದ ಪುಸ್ತಕ ಅದ ಏನ್ರಿ?’ ಎಂದು ಕೇಳಿದರು. ಮೇಲ್ವಿಚಾರಕರು ಎದ್ದು ಪುಸ್ತಕ ಹುಡುಕಲು ಹೊರಟರು, ನಾನು ಮಾತಿಗೆ ಕುಳಿತೆ. ಹತ್ತು ನಿಮಿಷದ ನಂತರ ಜೇಬಿನಿಂದ ಹೊರಬಂದದ್ದು ಗರ್ಭಿಣಿ ಸೊಸೆಯ ತಪಾಸಣೆಯ ವಿವರ ಬರೆದಿಡುವ ‘ತಾಯಿ ಕಾರ್ಡು’. ಅದರಲ್ಲಿ ಹಿಮೋಗ್ಲೋಬಿನ್ 6.8 ಎಂದಿತ್ತು. ಜಿಲ್ಲಾಸ್ಪತ್ರೆಗೆ ಹೋಗಿ ಎಂದು ಹೇಳಿದ್ದರಂತೆ. ‘ರಕ್ತ ಕಡಿಮಿ ಅದ ಅಂದ್ರು, ಬೀಟ್‌ರೂಟ್ ತಿಂದ್ರ ಸಾಕಾಗಲ್ಲೇನ್ರಿ?’ ಎಂಬುದು ಅವರ ನಿಜವಾದ ಪ್ರಶ್ನೆ. ಗರ್ಭಿಣಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಆ ಹಂತದಲ್ಲಿ ಬೀಟ್‌ರೂಟ್ ಸಾಕಾಗುವುದಿಲ್ಲ, ಆಸ್ಪತ್ರೆಯೇ ಆಗಬೇಕು. ಓದುಗನೊಳಗಿನ ಅಸ್ಪಷ್ಟ ಅಗತ್ಯವು ಗ್ರಂಥಪಾಲಕನ ಮೇಜಿಗೆ ಬರುವಷ್ಟರಲ್ಲಿ, ಅಲ್ಲಿ ಏನು ಸಿಗಬಹುದೆಂಬ ಅಂದಾಜಿಗೆ ತಕ್ಕಂತೆ ರಾಜಿಯಾದ ಪ್ರಶ್ನೆಯಾಗಿರುತ್ತದೆ ಎಂದು ಅಮೆರಿಕದ ಗ್ರಂಥಾಲಯ ವಿಜ್ಞಾನಿ ರಾಬರ್ಟ್ ಟೇಲರ್ 1968ರಲ್ಲೇ ವಿವರಿಸಿದ್ದರು. ತರಗತಿಯಲ್ಲಿ ಅದನ್ನು ಎಷ್ಟೋ ಸಲ ಪಾಠ ಮಾಡಿದ್ದ ನನಗೆ ಅದು ಅರ್ಥವಾದದ್ದು ಆ ಕಾರ್ಡನ್ನು ಕೈಯಲ್ಲಿ ಹಿಡಿದಾಗ.

ಇಲ್ಲಿ ಒಂದು ಗೆರೆ ಇದೆ, ಅದನ್ನು ದಾಟಬಾರದು. ಗ್ರಂಥಪಾಲಕರು ರೋಗನಿರ್ಣಯ ಮಾಡುವಂತಿಲ್ಲ, ಔಷಧ ಹೇಳುವಂತಿಲ್ಲ. ಅವರು ಮಾಡಬಹುದಾದದ್ದು ವಿಶ್ವಾಸಾರ್ಹ ಪುಟವನ್ನು ತೆರೆದು ಓದಿ ಹೇಳುವುದು ಮತ್ತು ಡಾಕ್ಟರರಿಗೆ ಕೇಳಬೇಕಾದ ಎರಡು ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡುವುದು. ಆ ಚೀಟಿಯ ಬೆಲೆ ದೊಡ್ಡದು. ಎರಡು ನಿಮಿಷದಲ್ಲಿ ಮುಗಿಯುವ ಹೊರರೋಗಿ ತಪಾಸಣೆಯಲ್ಲಿ ಬಾಯಿ ಕಟ್ಟಿಹೋದವರು ಆ ಚೀಟಿಯನ್ನು ಸುಮ್ಮನೆ ಮುಂದೆ ಹಿಡಿದರೂ ಸಾಕು. ಇನ್ನೊಂದು ತೊಡಕು ಗೋಪ್ಯತೆ. ಒಂದೇ ಮೇಜಿನ ಕೋಣೆಯಲ್ಲಿ ಟಿ.ಬಿ.ಯ ಪುಸ್ತಕ ಕೇಳಿದವರ ಹೆಸರು ಸಂಜೆಯೊಳಗೆ ಕಟ್ಟೆಗೆ ತಲುಪಿರುತ್ತದೆ, ಬಿಳಿಸೆರಗಿನ ವಿಚಾರವನ್ನು ಯಾವ ಹೆಣ್ಣುಮಗಳೂ ಗಂಡಸು ಕುಳಿತ ಮೇಜಿಗೆ ತರುವುದಿಲ್ಲ. ಆದ್ದರಿಂದಲೇ ಮುಂದೆ ನಾನು ತರಬೇತಿ ರೂಪಿಸಿದಾಗ ಮೇಲ್ವಿಚಾರಕರ ಜೊತೆ ಆಶಾ ಕಾರ್ಯಕರ್ತೆಯರನ್ನೂ ಸೇರಿಸಿಕೊಂಡೆ.

ತರಬೇತಿಯ ಮೊದಲ ಆವೃತ್ತಿ ನನ್ನ ಅವಮಾನದ ಕಥೆ. 2017ರ ಜುಲೈನಲ್ಲಿ ಶುರುವಾದ, ‘ಸ್ವಯಂ’ ಎಂಬ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯ ಕೋರ್ಸುಗಳನ್ನು ಮಾದರಿಯಾಗಿಟ್ಟುಕೊಂಡು ನಲವತ್ತೈದು ನಿಮಿಷದ ವಿಡಿಯೊ ಪಾಠಗಳು, ಪ್ರತಿ ಪಾಠದ ಕೊನೆಗೆ ಬಹುಆಯ್ಕೆಯ ಪ್ರಶ್ನೆಗಳು, ವಾರಕ್ಕೊಂದು ನೇರ ತರಗತಿ ಎಂದು ಗ್ರಾಂಥಿಕ ಕನ್ನಡದಲ್ಲಿ ಭರ್ಜರಿಯಾಗಿ ಸಿದ್ಧಪಡಿಸಿದ್ದೆ. ಎರಡನೆಯ ವಾರದ ನೇರ ತರಗತಿಗೆ ನಾನು ಮತ್ತು ನನ್ನ ಸಹಾಯಕ ಇಬ್ಬರೇ ಇದ್ದೆವು. ಒಬ್ಬರಿಗೆ ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿದಿತ್ತು, ಇನ್ನೊಬ್ಬರ ಊರಲ್ಲಿ ಕರೆಂಟು ಹೋಗಿತ್ತು, ಮೂರನೆಯವರು ತೊಗರಿ ರಾಶಿಯಲ್ಲಿದ್ದರು. ಎಲ್ಲರಿಗೂ ತೆರೆದಿರುವ ದೊಡ್ಡ ಆನ್‌ಲೈನ್ ಕೋರ್ಸುಗಳಲ್ಲಿ ಸೇರಿದವರ ಪೈಕಿ ಮುಗಿಸುವವರು ತೀರ ಕಡಿಮೆ ಎಂಬುದನ್ನು ನಾನು ಓದಿದ್ದೆ, ಆದರೆ ಓದಿದ್ದು ಬೇರೆಯವರ ಕೋರ್ಸಿನ ವಿಷಯ ಎಂದುಕೊಂಡಿದ್ದೆ.

ಎರಡನೆಯ ಆವೃತ್ತಿಯಲ್ಲಿ ವಿಡಿಯೊ ಇಲ್ಲ. ಆರು ನಿಮಿಷದ ಧ್ವನಿ ಪಾಠಗಳು, ಕಲಬುರಗಿ ಕನ್ನಡದಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂಥವು. ಬಸ್ಸಿನಲ್ಲಿ ಕುಳಿತೋ, ಕೋಣೆ ಗುಡಿಸುತ್ತಲೋ ಕೇಳಬಹುದು. ಪರೀಕ್ಷೆಯ ಬದಲು ಒಂದು ಕೆಲಸ: ಆ ವಾರ ನಿಮ್ಮ ಮೇಜಿಗೆ ಬಂದ ಒಂದು ಪ್ರಶ್ನೆಯನ್ನು, ಕೇಳಿದವರ ಹೆಸರು ಬಿಟ್ಟು, ಅವರದೇ ಮಾತಿನಲ್ಲಿ ದಾಖಲಿಸಿ ಕಳಿಸಿ. ಪಾಠ ಕಲಿಸಲು ಮಾಡಿದ ಈ ವ್ಯವಸ್ಥೆ ಕ್ರಮೇಣ ನನಗೇ ಪಾಠ ಬರುವ ದಾರಿಯಾಯಿತು. ನೋಟ್‌ಬುಕ್ಕಿನ ಎಡಪುಟಗಳು ಈಗ ತುಂಬುತ್ತಿರುವುದು ಹೆಚ್ಚಾಗಿ ಆ ಧ್ವನಿ ಸಂದೇಶಗಳಿಂದಲೇ.

ಸಂಶೋಧನಾ ನಿಯತಕಾಲಿಕಗಳಿಗೆ ಕೇಂದ್ರ ಸರ್ಕಾರವೇ ಚಂದಾ ಕಟ್ಟಿ ಸರ್ಕಾರಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗೆ ಒದಗಿಸುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಾಗ ಸಂಶೋಧಕರೆಲ್ಲರ ಹಾಗೆ ನಾನೂ ಸಂತೋಷಪಟ್ಟೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು. ಒಂದು ಲೇಖನಕ್ಕಾಗಿ ಬೆಂಗಳೂರಿನ ಗೆಳೆಯರಿಗೆ ಫೋನು ಮಾಡುತ್ತಿದ್ದ ಕಾಲ ಹೋಯಿತು. ಬಲಪುಟಕ್ಕೆ ಬೇಕಾದ ಸಾಮಗ್ರಿ ಈಗ ಧಾರಾಳವಾಗಿದೆ. ಎಡಪುಟಕ್ಕೆ ಇಂಥ ಯೋಜನೆ ಇಲ್ಲ, ಅದಕ್ಕೆ ಓಡಾಡಲೇಬೇಕು. ಪುಸ್ತಕಗಳಿರುವುದು ಬಳಕೆಗಾಗಿ ಎಂದು ಶುರುವಾಗುವ, 1931ರಲ್ಲಿ ಪ್ರಕಟವಾದ, ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ವಿದ್ಯಾರ್ಥಿಯಾಗಿದ್ದಾಗ ನನಗೆ ಅದು ಐದರಲ್ಲಿ ತೀರ ಸಪ್ಪೆಯಾದ ಸೂತ್ರವಾಗಿ ಕಂಡಿತ್ತು. ಲಕ್ವಾದ ನಾಲ್ಕೂವರೆ ತಾಸನ್ನು ಲೆಕ್ಕ ಹಾಕುವಾಗ ಹಾಗೆ ಕಾಣುವುದಿಲ್ಲ.

ಸದ್ಯಕ್ಕೆ ನನ್ನನ್ನು ಕಾಡುತ್ತಿರುವುದು ಬೇರೆಯೇ ಒಂದು ವಿಷಯ. ಕಲಬುರಗಿಯ ಓಣಿಯೊಂದರಲ್ಲಿ ಕಾಮಣಿಗೆ, ಅಂದರೆ ಕಾಮಾಲೆಗೆ, ದಖನಿ ಉರ್ದುವಿನಲ್ಲಿ ‘ಪೀಲಿಯಾ’ ಎನ್ನುತ್ತಾರೆ, ಬೀದರದ ಗಡಿಯಲ್ಲಿ ಮರಾಠಿ ಸೇರಿಕೊಳ್ಳುತ್ತದೆ, ಸೇಡಂ ಕಡೆ ತೆಲುಗು; ತಾಂಡಾಗಳಲ್ಲಿ ತಾಯಂದಿರು ಮಕ್ಕಳ ಜಡ್ಡನ್ನು ಲಂಬಾಣಿಯಲ್ಲಿ ಹೇಳಿಕೊಂಡು, ನಮ್ಮಂಥವರು ಎದುರಾದಾಗ ಮಾತ್ರ ಕನ್ನಡಕ್ಕೆ ತಿರುಗುತ್ತಾರೆ. ನಾನು ಎಡಪುಟದಲ್ಲಿ ಬರೆದುಕೊಂಡದ್ದು ಈಗಾಗಲೇ ಒಮ್ಮೆ ರಾಜಿಯಾದ ಮಾತು ಎಂಬುದು ತಿಳಿಯಲು ಇಷ್ಟು ದಿನ ಬೇಕಾಯಿತು. ಬರುವ ಸೋಮವಾರ ಚಿಂಚೋಳಿ ತಾಲೂಕಿನ ತಾಂಡಾವೊಂದಕ್ಕೆ ಅಲ್ಲಿಯ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಹೋಗಲಿದ್ದೇನೆ. ನಿನ್ನೆ ರಾತ್ರಿ ಸ್ಕೇಲು ಹಿಡಿದು ಎಡಪುಟಗಳ ನಡುವೆ ಇನ್ನೊಂದು ಗೆರೆ ಎಳೆದಿಟ್ಟೆ.