ಆಫ್ ಸೀಸನ್ ಪಾಠ
ಮಳೆಗಾಲ, ರೆಸಾರ್ಟಲ್ಲಿ ಗೆಸ್ಟ್ ಕಡಿಮೆ. ಚಿಕ್ಕಮಗಳೂರಿಂದ ಹಾಸನಕ್ಕೆ ಬಂದು ಮಸಾಜ್ ರಿಫ್ರೆಶರ್ ಕ್ಲಾಸಲ್ಲಿ ಕೂತಿದ್ದೀನಿ. ‘ಇಷ್ಟು ವರ್ಷ ಎಣ್ಣೆ ತಿಕ್ಕಿದೋಳಿಗೆ ಇನ್ನೇನೇ ಪಾಠ?’ ಅಂತ ಅತ್ತೆ ನಕ್ಕಿದ್ರು.

ಪಾಠ ಇದೆ ಅತ್ತೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯ್ತಿದ್ರೆ ಕೈ ಹಾಕಲೇಬಾರದು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದ್ರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ನೇರ ಡಾಕ್ಟರ್ ಹತ್ರ ಕಳಿಸಬೇಕು. ಬೆಂಗಳೂರಿಂದ ಕಾರಲ್ಲಿ ಕೂತು ಬಂದೋರು, ಮುಳ್ಳಯ್ಯನಗಿರಿ ಹತ್ತಿಳಿದೋರು ಎಲ್ರದ್ದೂ ಒಂದೇ ಮಾತು, ‘ಕಾಲು ಹಿಡ್ಕೊಂಡಿದೆ, ಗಟ್ಟಿಯಾಗಿ ಒತ್ತಿ’. ಅವರಿಗೆ ‘ಆಗಲ್ಲ ಸಾರ್’ ಅನ್ನೋದೇ ಕಷ್ಟ, ಅದ್ರಲ್ಲೂ ಟಿಪ್ಸ್ ಕೊಡೋರಿಗೆ!

ಅಮೆರಿಕದಲ್ಲಿ ಮಸಾಜ್ ಮಾಡೋರು ತಮ್ಮ ರಾಷ್ಟ್ರೀಯ ಬೋರ್ಡಿನ ಸರ್ಟಿಫಿಕೇಟ್ ಉಳಿಸ್ಕೊಳ್ಳೋಕೆ 2 ವರ್ಷಕ್ಕೊಮ್ಮೆ 24 ಗಂಟೆ ಕಲಿಕೆ ತೋರಿಸ್ಬೇಕಂತೆ. ನಮ್ಮನ್ನ ಯಾರೂ ಕೇಳಲ್ಲ. ಬಸ್ ಚಾರ್ಜ್ ಶಕ್ತಿ ಯೋಜನೇಲಿ ಉಳೀತು, ಫೀಸು ಮಾತ್ರ ಕೈಯಿಂದ.