ಸ್ಕೋಪಿನ ತಿರುಪು ಮುಟ್ಟುವ ಮೊದಲು ಹೊಡೆದ ಕಾಗದ ನೋಡಿ

ಚಿಕ್ಕಮಗಳೂರಿನಲ್ಲಿ ಲೈಸೆನ್ಸ್ ಇರುವ ಕೋವಿ ರಿಪೇರಿ ಅಂಗಡಿಯೊಂದರಲ್ಲಿ ನನ್ನ ಕೆಲಸ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯ ತೋಟದವರೇ ನಮಗೆ ಜಾಸ್ತಿ ಗಿರಾಕಿಗಳು. ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳ ನಡುವೆ ಸ್ಕೋಪ್, ಅಂದರೆ ಗುರಿ ಹಿಡಿಯುವ ದುರ್ಬೀನು, ಹಾಕಿದ ರೈಫಲ್‌ಗಳೂ ಬರುತ್ತವೆ. ಇಷಾಪುರ ಕಾರ್ಖಾನೆಯ .315, ತಾತನ ಕಾಲದ .30-06, ಹೀಗೆ. ಶಿಕಾರಿಗೆಂದೇ ತಯಾರಾದ ರೈಫಲ್‌ಗಳು ಅವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಬೇಟೆ ಅಪರಾಧ. ಆದ್ದರಿಂದ ನಮ್ಮ ಕೈಗೆ ಬರುವುದು ಮನೆಯಲ್ಲಿ ಉಳಿದುಕೊಂಡು ಬಂದವು, ಬೆಳೆ ರಕ್ಷಣೆ ಲೈಸೆನ್ಸಿನವು, ಇಲ್ಲವೇ ರೇಂಜಿನಲ್ಲಿ ಗುರಿ ಅಭ್ಯಾಸಕ್ಕೆ ಇಟ್ಟುಕೊಂಡವು. ತಂದವರ ದೂರು ಮಾತ್ರ ಒಂದೇ. "ಗುಂಡು ಎಲ್ಲೆಲ್ಲೋ ಹೋಗ್ತಿದೆ, ಸ್ಕೋಪ್ ಸ್ವಲ್ಪ ಸರಿ ಮಾಡಿಕೊಡಪ್ಪ."

"ಹೊಡೆದ ಕಾಗದ ಇದ್ದರೆ ಕೊಡಿ ಸಾರ್" ಎಂದು ನಾನು ಮೊದಲು ಕೇಳುತ್ತೇನೆ. ರೈಫಲ್ ಏನು ಮಾಡುತ್ತಿದೆ ಎಂದು ಹೇಳುವುದು ಆ ಕಾಗದವೇ. ಮರಳು ಚೀಲದ ಮೇಲೆ ಇಟ್ಟು, ಒಂದೇ ಗುರಿಗೆ ಐದು ಗುಂಡು ಹೊಡೆದಾಗ ಐದೂ ಒಂದೇ ಕಡೆ ಒತ್ತಾಗಿ ಕೂತು, ಆ ಗುಂಪು ಮಾತ್ರ ಮಧ್ಯದಿಂದ ಆಚೆ ಇದ್ದರೆ ರೈಫಲ್ ಗಟ್ಟಿಯಾಗಿದೆ ಎಂದರ್ಥ. ಜೀರೋ, ಅಂದರೆ ಸ್ಕೋಪ್ ತೋರಿಸಿದ ಜಾಗಕ್ಕೇ ಗುಂಡು ಬೀಳುವ ಹೊಂದಿಕೆ, ಸರಿದಿದೆ ಅಷ್ಟೇ. ಸ್ಕೋಪಿನ ತಿರುಪಿನಿಂದ ಸರಿಹೋಗುತ್ತದೆ. ಐದೂ ಚೆದುರಿಹೋಗಿದ್ದರೆ ಆ ತಿರುಪು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ. ಬಹಳ ಜನ ಒಂದು ಗುಂಡು ಹೊಡೆದು ತಿರುಪು ತಿರುಗಿಸುತ್ತಾರೆ, ಇನ್ನೊಂದು ಹೊಡೆದು ಮತ್ತೆ ತಿರುಗಿಸುತ್ತಾರೆ. ಡಬ್ಬಿ ತೋಟೆ ಖಾಲಿ, ರೈಫಲ್ ಇದ್ದ ಹಾಗೇ ಇರುತ್ತದೆ.

ತಿರುಪಿನ ಲೆಕ್ಕದಲ್ಲೂ ಜನ ತಪ್ಪುತ್ತಾರೆ. ಸಾಮಾನ್ಯ ಸ್ಕೋಪಿನಲ್ಲಿ ಒಂದು ಕ್ಲಿಕ್ ಅಂದರೆ 100 ಗಜದಲ್ಲಿ ಕಾಲು ಇಂಚು. 25 ಗಜದಲ್ಲಿ ಹೊಡೆಯುವಾಗ ಅದೇ ಕಾಲು ಇಂಚು ಸರಿಸಲು ನಾಲ್ಕು ಕ್ಲಿಕ್ ಬೇಕು. ಇದು ಗೊತ್ತಿಲ್ಲದೆ "ತಿರುಪೇ ಕೆಲಸ ಮಾಡ್ತಿಲ್ಲ" ಎಂದು ತಂದುಕೊಟ್ಟವರಿದ್ದಾರೆ.

ಚೆದುರುವ ರೈಫಲ್ ಬಂದರೆ ಮೊದಲ ಕೆಲಸ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ತುಂಡು, ತೆಗೆದು ಒಳಗೆ ತೋಟೆ ಇಲ್ಲವೆಂದು ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಿಕೊಳ್ಳುವುದು. ತಂದವರು ಎಷ್ಟೇ ದೊಡ್ಡವರಿರಲಿ, "ಖಾಲಿ ಇದೆ" ಎಂದು ಆಣೆ ಮಾಡಿ ಹೇಳಲಿ, ಇದನ್ನು ಬಿಡುವುದಿಲ್ಲ. ಆಮೇಲೆ ಸ್ಕ್ರೂಗಳು. ಸ್ಕೋಪ್ ಹಿಡಿದಿರುವ ರಿಂಗ್, ಅದರ ಕೆಳಗಿನ ಬೇಸ್, ರೈಫಲ್ಲಿನ ಲೋಹದ ಭಾಗವನ್ನು ಕೆಳಗಿನ ಮರದ ಹಿಡಿಕೆಗೆ ಕಟ್ಟಿರುವ ದೊಡ್ಡ ಸ್ಕ್ರೂ. ಇದರಲ್ಲಿ ಒಂದು ಸಡಿಲವಾಗಿದ್ದರೂ ಸಾಕು. ಜೀಪಿನ ಹಿಂದಿನ ಸೀಟಿನಲ್ಲಿ ತೋಟದ ರಸ್ತೆ ತಿಂದ ರೈಫಲ್‌ಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತದೆ. ಎಲೆಕ್ಷನ್ ಹೊತ್ತಿಗೆ ಠಾಣೆಯಲ್ಲಿ ಡಿಪಾಸಿಟ್ ಇಟ್ಟು ವಾಪಸ್ ತಂದವನ್ನಂತೂ ನಾನು ನೇರ ಸ್ಕ್ರೂಗೇ ಹೋಗಿ ನೋಡುತ್ತೇನೆ. ಹತ್ತಾರು ಕೋವಿಗಳ ಜೊತೆ ಒರಗಿ ನಿಂತಿದ್ದ ರೈಫಲ್‌ಗೆ ಒಂದು ಪೆಟ್ಟಾದರೂ ಬಿದ್ದಿರುತ್ತದೆ. ಬಿಗಿಯುವಾಗ ತಯಾರಕರು ಹೇಳಿದ ಅಳತೆಗೆ, ಬಿಗಿಯುವ ಬಲ ಅಳೆಯುವ ಟಾರ್ಕ್ ಡ್ರೈವರ್‌ನಲ್ಲಿ ಬಿಗಿಯಬೇಕು. ರಿಂಗಿಗೆ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್ ಸಾಕು. ಬಲ ಇದೆ ಅಂತ ಕೈಯಲ್ಲೇ ತಿರುವಿದರೆ ಸ್ಕೋಪಿನ ಕೊಳವೆಯೇ ಅದುಮಿ, ಒಳಗಿನ ತಿರುಪು ಹಿಡಿದುಕೊಳ್ಳುತ್ತದೆ.

ನಮ್ಮ ಊರಿನ ವಿಶೇಷ ಕಾಯಿಲೆ ರೈಫಲ್ಲಿನ ಈ ಮರದ್ದು. ಬಯಲುಸೀಮೆಯವರಿಗೆ ಇದು ಇಷ್ಟು ಕಾಡುವುದಿಲ್ಲ. ಆರಿದ್ರಾದಿಂದ ಆಶ್ಲೇಷದವರೆಗೆ ಮಲೆನಾಡಿನಲ್ಲಿ ಗೋಡೆಯೇ ಬೆವರುತ್ತದೆ. ಅಂಥದ್ದರಲ್ಲಿ ರೈಫಲ್ಲಿನ ಮರ ಒಣಗಿರಲು ಸಾಧ್ಯವೇ? ನೀರು ಕುಡಿದು ಉಬ್ಬುತ್ತದೆ, ಸ್ವಲ್ಪ ತಿರುಚುತ್ತದೆ, ಹೋಗಿ ನಳಿಗೆಯ ಒಂದು ಪಕ್ಕಕ್ಕೆ ಒತ್ತುತ್ತದೆ. ಗುಂಡು ಹೋಗುವಾಗ ನಳಿಗೆ ಕಂಪಿಸುತ್ತದಲ್ವಾ, ಆ ಕಂಪನ ಪ್ರತಿ ಸಲ ಒಂದೇ ತರ ಇದ್ದರೆ ಗುಂಡು ಒಂದೇ ಕಡೆ ಹೋಗುತ್ತದೆ. ಮರ ಒತ್ತಿದರೆ, ಅದೂ ನಳಿಗೆ ಬಿಸಿಯಾದಂತೆ ಬೇರೆ ಬೇರೆ ತರ ಒತ್ತಿದರೆ, ಹದ ತಪ್ಪುತ್ತದೆ.

ಮೂಡಿಗೆರೆ ಕಡೆಯ ಹಿರಿಯರೊಬ್ಬರ .30-06 ಹೀಗೇ ಬಂದಿತ್ತು. ಮಳೆಗಾಲ ಕಳೆದ ಮೇಲೆ ಗುಂಡು ಬಲಕ್ಕೆ, ಬೇಸಿಗೆಯಲ್ಲಿ ಎಡಕ್ಕೆ. ಅವರು ಪ್ರತಿ ವರ್ಷ ಸ್ಕೋಪ್ ತಿರುಗಿಸಿ ಸುಸ್ತಾಗಿ, ಹೊಸ ಸ್ಕೋಪ್ ತರಿಸುವ ಯೋಚನೆಯಲ್ಲಿದ್ದರು. "ದುಡ್ಡು ಇರಲಿ ಗೌಡ್ರೇ, ಮೊದಲು ಇದನ್ನು ನೋಡೋಣ" ಎಂದು ಒಂದು ಹಾಳೆ ಪಟ್ಟಿ ಕತ್ತರಿಸಿ ನಳಿಗೆ ಮತ್ತು ಮರದ ನಡುವೆ ಮೂತಿಯ ಕಡೆಯಿಂದ ತೂರಿಸಿ ಹಿಂದಕ್ಕೆ ಎಳೆದೆ. ಅರ್ಧ ದಾರಿ ಸಲೀಸಾಗಿ ಬಂತು, ಎಡಗಡೆ ಒಂದು ಜಾಗದಲ್ಲಿ ಸಿಕ್ಕಿಕೊಂಡಿತು. ಮರ ಬಿಚ್ಚಿ ನೋಡಿದರೆ ಅದೇ ಜಾಗದಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲಕ್ಕೆ ಕಪ್ಪಗೆ ಮಿರಮಿರ ಮಿಂಚುವ ಗುರುತು. ನಳಿಗೆ ಉಜ್ಜಿ ಉಜ್ಜಿ ಆದದ್ದು. ಹೊರಗೆಲ್ಲ ಚೆನ್ನಾಗಿ ಪಾಲಿಶ್ ಇತ್ತು, ಒಳಗೆ ಮಾತ್ರ ಬರೀ ಮರ. ಅಲ್ಲಿಂದಲೇ ನೀರು ಕುಡಿಯುತ್ತಿತ್ತು. ಆಗಲೇ ಉಜ್ಜಿ ಬಿಡಿ ಎಂದು ಅವರು ಅವಸರ ಮಾಡಿದರು. ನಾನು ಒಪ್ಪಲಿಲ್ಲ. ಉಬ್ಬಿದ ಮರವನ್ನು ಉಜ್ಜಿದರೆ ಒಣಗಿದ ಮೇಲೆ ಲೆಕ್ಕ ತಪ್ಪುತ್ತದೆ. ಮರ ಪೂರ್ತಿ ಒಣಗುವವರೆಗೆ ಕಾದು, ದುಂಡು ಕೋಲಿಗೆ ಉಪ್ಪುಕಾಗದ ಸುತ್ತಿ ಆ ಜಾಗವನ್ನು ತೆಳ್ಳಗೆ ತೆಗೆದು, ಒಳಭಾಗಕ್ಕೆಲ್ಲ ವಾರ್ನಿಶ್ ಕುಡಿಸಿದೆವು. ಮುಂದಿನ ಮಳೆಗಾಲ ಕಳೆದ ಮೇಲೂ ಆ ರೈಫಲ್ಲಿನ ಜೀರೋ ಕದಲಲಿಲ್ಲ.

ಒಂದು ಎಚ್ಚರಿಕೆ. ಎಲ್ಲ ರೈಫಲ್ಲಿಗೂ ಈ ಹಾಳೆ ಪರೀಕ್ಷೆ ಹೊಂದುವುದಿಲ್ಲ. ಕೆಲವು ಹಳೆಯವುಗಳಲ್ಲಿ ಮರ ನಳಿಗೆಯನ್ನು ಸ್ವಲ್ಪ ಒತ್ತಿ ಹಿಡಿಯುವಂತೆಯೇ ಮಾಡಿರುತ್ತಾರೆ. ಅದು ತಿಳಿಯದೆ ಉಪ್ಪುಕಾಗದ ಹಿಡಿದರೆ ಚೆನ್ನಾಗಿದ್ದದ್ದೂ ಕೆಡುತ್ತದೆ.

ನಳಿಗೆಯೊಳಗಿನ ಕೊಳೆ ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಮಸಿ ತೆಗೆದು, ಗುಂಡಿನ ಹೊದಿಕೆಯಿಂದ ಅಂಟಿದ ತಾಮ್ರ ಬಿಟ್ಟಿರುತ್ತಾರೆ. ತಾಮ್ರ ಕರಗಿಸುವ ದ್ರಾವಣ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆ ತೂರಿಸಿದಾಗ ನೀಲಿ ಹಸಿರು ಬಣ್ಣ ಬಂದರೆ ಒಳಗೆ ಇನ್ನೂ ಇದೆ ಎಂದೇ. ಆ ಬಣ್ಣ ನಿಲ್ಲುವವರೆಗೆ ಮಾಡಬೇಕು. ಶುಚಿ ಮಾಡುವ ಸರಳನ್ನು ಆದಷ್ಟೂ ಬೋಲ್ಟ್ ಕಡೆಯಿಂದಲೇ ಹಾಕಿ. ಮೂತಿಯಿಂದ ಹಾಕಿ ಹಾಕಿ ಅಂಚು ಸವೆದ ನಳಿಗೆಗಳನ್ನು ಬಹಳ ನೋಡಿದ್ದೇನೆ. ಗುಂಡು ಕೊನೆಯದಾಗಿ ಬಿಡುವುದು ಆ ಅಂಚನ್ನೇ. ಅಲ್ಲಿ ಒಂದು ಸಣ್ಣ ಮುಕ್ಕು ಇದ್ದರೂ ಉರಿದ ಮದ್ದಿನ ಗಾಳಿ ಒಂದು ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. ಕಣ್ಣಿಗೆ ಕಾಣದಿದ್ದರೆ ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅಂಚಿನ ಸುತ್ತ ಒಳಗಿಂದ ಹೊರಕ್ಕೆ ಎಳೆಯಿರಿ. ಮುಕ್ಕಿದ್ದ ಕಡೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ.

ತೋಟೆಯ ಮಾತು ಚಿಕ್ಕದು. ಬೇರೆ ಬೇರೆ ಲಾಟ್, ಅಂದರೆ ಬೇರೆ ಬೇರೆ ಸಲ ತಯಾರಾದ ತೋಟೆ, ಬೆರೆಸಿ ಹೊಡೆದು ರೈಫಲ್ಲನ್ನು ದೂರಬೇಡಿ.

ಇಷ್ಟೆಲ್ಲ ಆದ ಮೇಲೇ ನಾನು ಸ್ಕೋಪ್ ಮೇಲೆ ಅನುಮಾನ ಪಡುವುದು. ರೈಫಲ್ಲನ್ನು ಚೀಲದ ಮೇಲೆ ಅಲುಗದಂತೆ ಇಟ್ಟು, ಕೈ ಮುಟ್ಟಿಸದೆ, ಕಣ್ಣನ್ನು ಮಾತ್ರ ಆಚೆ ಈಚೆ ಸರಿಸಿ ನೋಡಿ. ಒಳಗಿನ ಗೆರೆ ಗುರಿಯ ಮೇಲೆ ಓಡಾಡಿದರೆ ಅದು ಪ್ಯಾರಲಾಕ್ಸ್. ಪ್ರತಿ ಸಲ ಕೆನ್ನೆ ಒಂದೇ ಜಾಗಕ್ಕೆ ಕೂರಿಸಿದರೆ ಅದರ ಕಾಟ ಕಡಿಮೆ. ಅದೂ ಅಲ್ಲವೆಂದರೆ, ಸರಿಯಾಗಿದೆ ಎಂದು ಗೊತ್ತಿರುವ ಬೇರೆ ಸ್ಕೋಪ್ ಕೂರಿಸಿ ಐದು ಗುಂಡು ಹೊಡೆಯುವುದೇ ನೇರ ದಾರಿ. ಹೊಡೆಯುವವರ ಪರೀಕ್ಷೆಯೂ ಆಗಬೇಕು. ರೇಂಜಿನಲ್ಲಿ ಅವರಿಗೆ ಗೊತ್ತಾಗದಂತೆ ನಡುವೆ ಒಂದು ಡಮ್ಮಿ ತೋಟೆ ಹಾಕುತ್ತೇನೆ. ಟ್ರಿಗರ್ ಎಳೆದಾಗ ಸದ್ದಿಲ್ಲ, ಆದರೆ ಮೂತಿ ಜಗ್ಗನೆ ಕೆಳಗೆ ಹೋದರೆ ಯಾರನ್ನು ತಿದ್ದಬೇಕು ಎಂದು ಅವರಿಗೇ ತಿಳಿಯುತ್ತದೆ. ಯಾರೂ ಬೇಸರ ಮಾಡಿಕೊಂಡಿಲ್ಲ.

ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇನೆ. ಸ್ಕ್ರೂ ಬಿಗಿದು, ನಳಿಗೆ ತೊಳೆದು, ತೋಟೆ ಬದಲಿಸಿ ಎಲ್ಲ ಒಂದೇ ದಿನ ಮಾಡಿದರೆ ಯಾವುದು ಕಾರಣ ಎಂದು ತಿಳಿಯುವುದೇ ಇಲ್ಲ. ಗಿರಾಕಿಗೆ ತಡ ಎನಿಸುತ್ತದೆ, ನಿಜ. ಆದರೆ ಗುಂಪು ಕೂರದ ರೈಫಲ್ಲನ್ನು ಸುಮ್ನೆ ಎಣ್ಣೆ ಒರೆಸಿ ವಾಪಸ್ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಈ ಗುಂಡುಗಳು ಕಿಲೋಮೀಟರ್‌ಗಟ್ಟಲೆ ಹೋಗುತ್ತವೆ. ಕೊಯ್ಲಿನ ದಿನಗಳಲ್ಲಿ ಆಳೆತ್ತರದ ಕಾಫಿ ಗಿಡಗಳ ಹಿಂದೆ ಹಣ್ಣು ಕೀಳುವವರು ಕಾಣುವುದೂ ಇಲ್ಲ. ಕೆಲಸ ಮುಗಿದ ಪ್ರತಿ ರೈಫಲ್ಲಿನ ಚೀಲಕ್ಕೂ ಒಂದು ಚೀಟಿ ಕಟ್ಟಿ ಕಳಿಸುತ್ತೇನೆ. ಯಾವ ತಿಂಗಳು, ಯಾವ ಲಾಟಿನ ತೋಟೆ, ಎಷ್ಟು ದೂರಕ್ಕೆ ಜೀರೋ, ಸ್ಕ್ರೂ ಎಷ್ಟಕ್ಕೆ ಬಿಗಿದದ್ದು. ಐದು ತೂತಿನ ಆ ಕಾಗದವನ್ನೂ ಅದರ ಜೊತೆಗೇ ಪಿನ್ ಮಾಡಿರುತ್ತೇನೆ.